ಅಪ್ಪ ಕರೆಯಬೇಕು

ಉಗ್ಗಪ್ಪನ ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಬಟ್ಯ ಕೈ ನಿಲ್ಲಿಸಿದ. "ಬೆಂಕಿ ಕೊಡುವವ ಯಾರು ಮಾರಾಯ? ಹಿರಿಯ ಮಗ ಎಲ್ಲಿ?"

ಕಿರಿಯ ಮಗ ಪೂವಪ್ಪ ತಲೆ ಎತ್ತಲಿಲ್ಲ. ಅವನ ಹೆಂಡತಿಯ ಅಪ್ಪ ಐತಪ್ಪ ಅಲ್ಲೇ ನಿಂತಿದ್ದ.

"ಹಿರಿಯ ಮಗ ಎಂತದ್ದು? ಉಗ್ಗಪ್ಪಣ್ಣನಿಗೆ ನಮ್ಮ ಅಳಿಯ ಒಬ್ಬನೇ ಅಲ್ವಾ?"

"ಹೋದ ವರ್ಷ ನಿಮ್ಮ ಸೊಂಟ ಹಿಡಿದಾಗ ಬೆನ್ನಿಗೆ ಕಾಲು ತಾಗಿಸಿದ್ದು ಯಾರು ಮತ್ತೆ?" ಎಂದಳು ಹೆರಿಗೆ ಮಾಡಿಸುವ ಮುದುಕಿ ಕಿನ್ನಿ.

"ಅದು ದನದ ಹಟ್ಟಿಯ ಕೆಲಸದವ. ಉಗ್ಗಪ್ಪಣ್ಣನೇ ಹೇಳಿದ್ದು. ನಾನು ಅವನಿಗೆ ಬೀಡಿ ಕೊಟ್ಟಿದ್ದೆ."

"ಕೆಲಸದವ ಅಂತೆ! ಮೂಗು ನೋಡಿದ್ರೆ ಸಾಲದಾ? ಉಗ್ಗಪ್ಪಂದೇ ಕಿತ್ತು ಅಂಟಿಸಿದ ಹಾಗೆ ಉಂಟು."

ಪೂವಪ್ಪ ಹಟ್ಟಿಯ ಕಡೆ ತಿರುಗಿದ.

*

ಹಿರಿಯ ಮಗ ಚನಿಯ ಹುಟ್ಟುವಾಗ ಕಾಲು ಮುಂದಾಗಿ ಬಂದವ. ಮೈ ಬಂದರೂ ತಲೆ ಸಿಕ್ಕಿಕೊಂಡಿತ್ತು. ಕಿನ್ನಿ ಎಳೆದಳು. ಬಂದ ಮಗು ನೀಲಿಗಟ್ಟಿತ್ತು, ಎಡಗೈ ಜೋತುಬಿದ್ದಿತ್ತು. ಓರಗೆಯ ಮಕ್ಕಳು ಓಡುವಾಗ ಇವನು ಗೋಡೆ ಹಿಡಿದು ನಿಲ್ಲಲು ಕಲಿತ. ಅವರು ಶಾಲೆಗೆ ಹೊರಟಾಗ ಇವನು "ಅಪ್ಪ" ಎಂದ.

ಹಾಗೆ ಹುಟ್ಟಿದವರ ಕಾಲು ತಾಗಿದರೆ ಸೊಂಟದ ಉಳುಕು ಬಿಡುತ್ತದೆ ಎಂದು ಊರಿನ ನಂಬಿಕೆ. ಹೊಸಂಗಡಿಯಿಂದ ಸರಕಾರದ ಕಂಟ್ರೋಲು ಅಕ್ಕಿಯ ಗಾಡಿ ಹೊಡೆಯುತ್ತಿದ್ದ ಉಗ್ಗಪ್ಪ, ನೋವಿನವರು ಬಂದರೆ ಮಾತ್ರ ಮಗನನ್ನು ಹೊರಗೆ ಕರೆಯುತ್ತಿದ್ದ. ಬೇರೆ ನೆಂಟರು ಬಂದರೆ ಒಂದೇ ಮಾತು: "ಹಟ್ಟಿಗೆ ಹೋಗು. ಚಿಲಕ ಹಾಕು. ನಾನು ಕರೆದ ಮೇಲೆ ತೆಗಿ."

ಪೂವಪ್ಪನಿಗೆ ಹೆಣ್ಣು ಕೊಡುವವರು ಬಂದ ದಿನ ಚನಿಯ ಸಂಜೆಯವರೆಗೂ ಎತ್ತುಗಳ ಜೊತೆ ಇದ್ದ. ಅವರು ಹೋದ ಮೇಲೆ ಉಗ್ಗಪ್ಪ ಬಾಗಿಲ ಮುಂದೆ ನಿಂತು "ಬಾ ಮಗಾ" ಎಂದ. ಗಂಜಿ ತಾನೇ ಬಡಿಸಿದ. ಪೂವಪ್ಪ ಹೊಸ ಅಂಗಿ ಬಿಚ್ಚದೆ ನೋಡುತ್ತ ಕುಳಿತಿದ್ದ.

*

ಈ ಬೆಳಿಗ್ಗೆ ಜನ ಸೇರತೊಡಗಿದ ಕೂಡಲೇ ಚನಿಯ ತಾನಾಗಿಯೇ ಹಟ್ಟಿ ಸೇರಿದ್ದ. ಪೂವಪ್ಪ ಹೋಗಿ ಬಾಗಿಲು ಬಡಿದ.

"ಅಣ್ಣಾ, ತೆಗಿ." ಜನರೆದುರು ಹಾಗೆ ಕರೆದದ್ದು ಅದೇ ಮೊದಲು.

ಒಳಗಿನಿಂದ ಮಾತು ತಡೆದು ತಡೆದು ಬಂತು. "ನೆಂಟರು... ಹೋದ್ರಾ?"

"ಇಲ್ಲ, ಇದ್ದಾರೆ. ಅಪ್ಪನಿಗೆ ಬೆಂಕಿ ನೀನೇ ಕೊಡಬೇಕು."

"ಬೇಡ. ಬೈತಾರೆ. ಅಪ್ಪ ಏಳಲಿ... ಅಪ್ಪ ಕರೀಲಿ."

ಬಟ್ಯ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಹೊತ್ತು ಏರ್ತಾ ಉಂಟು. ನೀನೇ ಕೊಟ್ಟು ಮುಗಿಸು. ಯಾರು ಕೇಳ್ತಾರೆ?"

ಪೂವಪ್ಪ ಮಾವನ ಕಡೆ ನೋಡಲಾರದೆ ನೆಲ ನೋಡಿದ. ಆಮೇಲೆ ಹೇಳಿದ, "ಚಟ್ಟ ಎತ್ತಿ. ಇಲ್ಲಿಗೆ ತನ್ನಿ."

"ಹಟ್ಟಿಯ ಬಾಗಿಲಿಗಾ?"

"ಹೌದು."

ಗಂಡಸರು ಮುಖಮುಖ ನೋಡಿಕೊಂಡರು. ಮೊದಲು ಬಗ್ಗಿದವನು ಐತಪ್ಪ. ಸಗಣಿ ನೀರಿನ ನೆಲದಲ್ಲಿ ಚಟ್ಟ ಇಳಿಸಿದರು. ಪೂವಪ್ಪ ಕುಕ್ಕರಗಾಲಲ್ಲಿ ಕೂತು ಅಪ್ಪನ ಮುಖದ ಬಟ್ಟೆ ಸರಿಸಿದ.

ಹಲಗೆಯ ಸಂದಿಗೆ ಒಂದು ಕಣ್ಣು ಬಂದು ನಿಂತಿತು. ಬಹಳ ಹೊತ್ತಿನ ಮೇಲೆ, ಒಳಗೆ ಮರದ ಚಿಲಕವನ್ನು ಒಂದೇ ಕೈ ತಡಕಾಡುವ ಸದ್ದಾಯಿತು.