ಹದಿನೇಳನೇ ತಾರೀಖಿನ ಬಾಟಲಿ

"ಉಳಿದದ್ದೆಲ್ಲ ಸರಿಯಿದೆ ಕಮಲಕ್ಕ. ಜುಲೈ ಹದಿನೇಳನೇ ತಾರೀಖಿನದ್ದು ಮಾತ್ರ ಮಳೆ ನೀರಲ್ಲ, ಬಾವಿ ನೀರು." ಅರ್ಪಣಾ ಬೆರಳುದ್ದದ ಬಾಟಲಿಯೊಂದನ್ನು ಅಂಗನವಾಡಿಯ ಮೇಜಿನ ಮೇಲಿಟ್ಟಳು. ಮಕ್ಕಳ ಹಾಜರಿ ಬರೆಯುತ್ತಿದ್ದ ಗೋದಾವರಿ ಟೀಚರ ಪೆನ್ನು ಅಲ್ಲಿಗೇ ನಿಂತಿತು.

ಜೂನ್‌ನಲ್ಲಿ ಈ ಹುಡುಗಿ ಮಳೆ ನೀರಿನ ಸಂಶೋಧನೆಗೆಂದು ಬೆಂಗಳೂರಿನಿಂದ ಕಡಹಿನಬೈಲಿಗೆ ಮೊದಲು ಬಂದ ದಿನ ಗೋದಾವರಿ ತಾಲ್ಲೂಕು ಮೀಟಿಂಗಿಗೆ ಹೋಗಿದ್ದಳು. ಅವಳು ಮರಳುವಷ್ಟರಲ್ಲೇ ಬಾಟಲಿಗಳು ಅಡಿಗೆ ಮಾಡುವ ಆಯಾ ಕಮಲಳ ಪಾಲಾಗಿದ್ದವು. ದಿನಾ ಬೆಳಿಗ್ಗೆ ಮಳೆ ನೀರು ತುಂಬಿಸಿ, ಒಂದಿಷ್ಟೂ ಆವಿಯಾಗದಂತೆ ಮುಚ್ಚಳ ಬಿಗಿದು, ತಾರೀಖು ಬರೆದಿಡಬೇಕು. ನೀರಿನಲ್ಲೂ ಭಾರದ್ದು, ಹಗುರದ್ದು ಅಂತ ಇರುತ್ತದಂತೆ. ಜಡಿಮಳೆಯ ತೂಕ ಬೇರೆ, ಹನಿಮಳೆಯದು ಬೇರೆ, ಬಾವಿಯದು ಹೊಳೆಯದು ಇನ್ನೂ ಬೇರೆ. ಇವತ್ತಿನ ಮಳೆಯ ತೂಕ ಗೊತ್ತಾದರೆ, ಹಳೇ ತೇಗದ ಮರದ ಉಂಗುರಗಳಿಂದ ಇನ್ನೂರು ವರ್ಷದ ಹಿಂದಿನ ಮಳೆಯನ್ನೂ ತಿಳಿಯಬಹುದಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕಮಲ ಮಕ್ಕಳ ತಾಯಂದಿರಿಗೆ ಐಸೊಟೋಪ್ ಎಂದರೇನೆಂದು ಬಿಡಿಸಿ ಹೇಳುತ್ತಿದ್ದಳು. ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಬಿ.ಎ. ಓದಿದ ಗೋದಾವರಿಗೆ ಹೊಟ್ಟೆ ಉರಿಯಿತು, ಊಟ ಸೇರದಷ್ಟು ಉರಿಯಿತು. ಅರ್ಪಣಾಳ ವರದಿಯಲ್ಲಿ ಕಮಲಳ ಹೆಸರು ಅಚ್ಚಾಗುತ್ತದೆಂದು ತಿಳಿದ ವಾರವೇ, ಅವಳು ಅಡಿಗೆಯಲ್ಲಿದ್ದಾಗ, ಗೋದಾವರಿ ಒಂದು ಬಾಟಲಿಯ ಮಳೆ ನೀರನ್ನು ಚೆಲ್ಲಿ ತನ್ನ ಕುಡಿಯುವ ನೀರು ತುಂಬಿಸಿಟ್ಟಳು. ಪರೀಕ್ಷೆ ತಪ್ಪಲಿ, ಇವಳ ಕೈಯಿಂದ ಈ ಕೆಲಸ ಹೋಗಲಿ ಎಂದಷ್ಟೇ ಅವಳ ಎಣಿಕೆ. ತಾನೊಂದು ಬಗೆದರೆ ನೀರು ತೂಗುವ ಬೆಂಗಳೂರಿನ ಮೆಷಿನು ಇನ್ನೊಂದು ಬಗೆದು, ನೇರ ಬಾವಿಗೇ ಬಂದು ನಿಂತಿತ್ತು.

ಅಂಗನವಾಡಿಗೆ ಬರುವುದು ಹೊಳೆಯಿಂದೆತ್ತಿದ ನಲ್ಲಿ ನೀರು. ಅದಕ್ಕೆ ಬ್ಲೀಚಿಂಗ್ ವಾಸನೆಯೆಂದು ಮನೆಯ ಬಾವಿ ನೀರು ತರುತ್ತಿದ್ದವಳು ಗೋದಾವರಿ ಒಬ್ಬಳೇ. ಅದು ಕಮಲಳಿಗೂ ಗೊತ್ತು. ಮಧ್ಯಾಹ್ನ ಅವಳು ಕುಡಿಯುವುದೂ ಅದನ್ನೇ.

ಕಮಲ ಬಾಟಲಿಯನ್ನು ನೋಡಿದಳು. ಟೀಚರ ಕಡೆ ನೋಡಲಿಲ್ಲ.

"ನಾನೇ ಮೇಡಂ. ಕೈ ತಪ್ಪಿ ಚೆಲ್ಲೋಯ್ತು. ನೀವು ಬೈತೀರೇನೋ ಅಂತ ಬಾವಿ ನೀರು ತುಂಬ್ಸಿಟ್ಟೆ."

ಅರ್ಪಣಾ ಬೈಯಲಿಲ್ಲ. ಇನ್ನು ಮುಂದೆ ಚೆಲ್ಲಿದರೆ ಚೆಲ್ಲಿತೆಂದೇ ಬರೆದಿಡಿ ಅಂದಳು. ತಪ್ಪನ್ನು ಹೀಗೆ ಒಪ್ಪಿಕೊಳ್ಳುವವರನ್ನು ತಾನು ನೋಡಿಲ್ಲವೆಂದು ಕಮಲಳ ಕೈ ಹಿಡಿದುಕೊಂಡಳು. ಬರುವ ವರ್ಷದ ಬಾಟಲಿಗಳನ್ನೂ ಅವಳಿಗೇ ಕೊಟ್ಟು ಜೀಪು ಹತ್ತಿದಳು.

ಗೋದಾವರಿಗೆ ಹೋದ ಜೀವ ಬಂದಂತಾಗಬೇಕಿತ್ತು. ಅದರ ಬದಲು ಹಳೆಯ ಉರಿಯೇ ಮತ್ತೆ ಎದ್ದಿತು. ಇಡೀ ಮಳೆಗಾಲದಲ್ಲಿ ಆ ಬಾಟಲಿಗಳಿಗೆ ಅವಳ ಕೈ ತಾಗಿದ್ದು ಒಂದೇ ಒಂದು ಸಲ. ಅದೂ ಕಮಲಳ ಹೆಸರಿಗೇ ಹೋಯಿತು.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಕಮಲ ಬಂದು ಎಂದಿನಂತೆ ಕೈ ಚಾಚಿದಳು.

"ಒಂಚೂರು ನೀರು ಕೊಡಿ ಟೀಚರ್."

ಗೋದಾವರಿ ಬಾಟಲಿ ಕೊಟ್ಟಳು. ಕಮಲ ತಲೆಯೆತ್ತಿ, ತುಟಿಗೆ ತಾಗಿಸದೆ ಗಟಗಟನೆ ಕುಡಿದಳು. ಆಮೇಲೆ ಸೆರಗಿನಿಂದ ಬಾಟಲಿಯ ಬಾಯಿ ಒರೆಸಿ, ಒಂದಿಷ್ಟೂ ಆವಿ ಹೋಗದಂತೆ ಮುಚ್ಚಳ ಬಿಗಿದು ಅವಳ ಮುಂದಿಟ್ಟಳು.