ಬಾವಲಿ ವಾಸನೆ

"ಈ ಬಾವಲಿ ವಾಸನೆ ಮಾತ್ರ ನಿಮ್ಮ ಮೊಬೈಲಿಗೆ ಬರಲ್ಲ, ಬಚಾವಾದ್ರಿ ಬಿಡಿ," ಎಂದು ಕಾವಲುಗಾರ ಹೊನ್ನಯ್ಯ ಫೋನಿನತ್ತ ಮುಖ ಚಾಚಿ ನಕ್ಕರು.

ಸ್ಪಂದನಾಳೂ ನಕ್ಕಳು. ಕೊರೊನಾ ಎರಡನೇ ಅಲೆಯ ಮೇ ತಿಂಗಳು. ಭದ್ರಾವತಿ ಹಳೇನಗರದ ನರಸಿಂಹ ದೇವಸ್ಥಾನಕ್ಕೆ ಜನ ಬರದೆ ಮೂರು ವಾರವಾಗಿತ್ತು. ಮನೆಯಲ್ಲೇ ಕೂತವರಿಗೆ ಹೊಯ್ಸಳರ ಗುಡಿಯನ್ನು ಫೋನಿನಲ್ಲೇ ಸುತ್ತಾಡಿಸುವುದು ಈಗ ಅವಳ ಕೆಲಸ. ಈ ನೇರಪ್ರಸಾರವನ್ನು ಜನ ಮೆಚ್ಚಿದರೆ ಅವಳೂ ಸೇರಿ ಶಿವಮೊಗ್ಗದ ಹನ್ನೊಂದು ಗೈಡ್‌ಗಳ ಕೆಲಸ ಉಳಿಯುತ್ತದೆ ಎಂದು ಪ್ರವಾಸೋದ್ಯಮ ಕಚೇರಿಯವರು ಹೇಳಿದ್ದರು. ಮಾತು ಸ್ಪಷ್ಟವಾಗಿ ಕೇಳಲೆಂದು ಅವಳು ಮಾಸ್ಕನ್ನು ಗದ್ದಕ್ಕೆ ಇಳಿಸಿದ್ದಳು. ಟಾರ್ಚ್ ಹಿಡಿದು ಅವಳ ಪಕ್ಕಕ್ಕೇ ನಿಂತಿದ್ದ ಹೊನ್ನಯ್ಯನವರೂ ಇಳಿಸಿದ್ದರು.

ನಗು ಮುಗಿಸಿ ಅವಳು ಉಸಿರೆಳೆದುಕೊಂಡಳು. ಏನೂ ಇಲ್ಲ. ಇನ್ನೊಮ್ಮೆ ಎಳೆದಳು. ಹೋದ ತಿಂಗಳು ಇದೇ ಮೂಲೆಯಲ್ಲಿ ವೇಲಿನಿಂದ ಮೂಗು ಮುಚ್ಚಿಕೊಂಡಿದ್ದಳು. ಹೊಸ್ತಿಲ ಬಳಿ ಇದ್ದ ಡಬ್ಬಿಯಿಂದ ಕರ್ಪೂರ ತೆಗೆದು ಮೂಗಿಗೆ ಹಿಡಿದಳು. ಸುಣ್ಣದ ತುಂಡು ಹಿಡಿದಂತಿತ್ತು.

ಒಂದು ಗಂಟೆಯ ಹಿಂದಷ್ಟೇ ಹೊನ್ನಯ್ಯ ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೆ ಟೀ ಕೊಟ್ಟು, ಅದೇ ಮುಚ್ಚಳದಲ್ಲಿ ತಾವೂ ಕುಡಿದಿದ್ದರು. ಟೀ ಯಾಕೋ ಬಿಸಿನೀರಿನಂತಿದೆ ಅಂದುಕೊಂಡು ಅವಳು ಸುಮ್ಮನಾಗಿದ್ದಳು. ಕಾಗದನಗರದ ಮನೆಯಲ್ಲಿ ಹೆಂಡತಿ ಸುವರ್ಣಮ್ಮನಿಗೆ ಉಬ್ಬಸ, ರಾತ್ರಿಯೆಲ್ಲ ದಿಂಬಿಗೆ ಒರಗಿಯೇ ಕೂತಿರುತ್ತಾಳೆ ಎಂದು ಹೊನ್ನಯ್ಯ ಆಗಲೇ ಹೇಳಿದ್ದು.

ಪರದೆಯಲ್ಲಿ ಒಂಬೈನೂರು ಜನ. ಕಚೇರಿಯಿಂದ ಸಂದೇಶ ಬಂತು: 'ಚೆನ್ನಾಗಿದೆ, ನಿಲ್ಲಿಸಬೇಡಿ.'

"ಹೊನ್ನಯ್ಯನೋರೇ, ನೀವು ಆಚೆ ಹೋಗಿ."

"ಯಾಕ್ ಮೇಡಂ, ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಅವಳು ಗೋಡೆಯವರೆಗೆ ಹಿಂದೆ ಸರಿದು ಮಾಸ್ಕ್ ಏರಿಸಿಕೊಂಡಳು. ಒಂಬೈನೂರು ಜನರೂ ಕೇಳಿಸಿಕೊಳ್ಳುತ್ತಿದ್ದರು. "ನನಗೆ ವಾಸನೆ ಬರ್ತಿಲ್ಲ. ಯಾವುದೂ ಬರ್ತಿಲ್ಲ. ನೀವು ಮನೆಗೆ ಮಾತ್ರ ಹೋಗ್ಬೇಡಿ."

ಟಾರ್ಚಿನ ಬೆಳಕು ಅವಳ ಮುಖದಿಂದ ಸರಿಯಿತು. ಆಮೇಲೆ ಬಾಗಿಲ ಕಡೆ ಹೋಯಿತು. ಅವಳು ಪ್ರಸಾರ ನಿಲ್ಲಿಸಿದಳು.

ಮರುದಿನ ಅವಳಿಗೆ ಪಾಸಿಟಿವ್ ಬಂತು. ಹೊನ್ನಯ್ಯ ಮನೆಯೊಳಗೆ ಹೋಗಲಿಲ್ಲ. ಕಾಗದದ ಕಾರ್ಖಾನೆ ನಿಂತ ಮೇಲೆ ಖಾಲಿ ಬಿದ್ದಿದ್ದ ಎದುರು ಸಾಲಿನ ಕ್ವಾರ್ಟರ್ಸೊಂದರಲ್ಲಿ ಚಾಪೆ ಹಾಸಿಕೊಂಡರು. ಶಿವಮೊಗ್ಗದ ರವೀಂದ್ರನಗರದ ತನ್ನ ಕೋಣೆಯಿಂದ ಸ್ಪಂದನಾ ದಿನಾ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತಿದ್ದಳು. ತನ್ನ ಜ್ವರಕ್ಕಿಂತ, ಅವರು ಫೋನೆತ್ತುವವರೆಗಿನ ಹೊತ್ತೇ ಅವಳನ್ನು ಹಣ್ಣು ಮಾಡುತ್ತಿತ್ತು. ಐದನೇ ದಿನ ಅವರು ಎತ್ತಲಿಲ್ಲ. ಮಧ್ಯಾಹ್ನವೂ ಎತ್ತಲಿಲ್ಲ. ನಾಲ್ಕು ಗಂಟೆಗೆ ಅವರ ನಂಬರಿನಿಂದಲೇ ವಿಡಿಯೋ ಕಾಲ್ ಬಂದಾಗ, ಆ ಕಡೆ ಯಾರ ಮುಖ ಕಾಣುತ್ತದೋ ಎಂದು ಅವಳ ಬೆರಳೇ ಏಳಲಿಲ್ಲ. ಕೊನೆಗೆ ಒತ್ತಿದಳು.

"ರಾತ್ರಿಯಿಂದ ಜ್ವರ ಮಾರಾಯ್ತಿ, ಮಂಪರಲ್ಲಿ ಬಿದ್ದಿದ್ದೆ," ಅಂದರು ಹೊನ್ನಯ್ಯ. ಗಡ್ಡ ಬೆಳೆದಿತ್ತು. "ಈಗ ಇಳಿದದೆ. ಊಟಕ್ಕೆ ಕೂತೀನಿ."

"ಸುವರ್ಣಮ್ಮನೋರು?"

ಅವರು ಫೋನನ್ನು ಕಿಟಕಿಯತ್ತ ತಿರುಗಿಸಿದರು. ರಸ್ತೆಯಾಚೆ, ಮನೆಯ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಸುವರ್ಣಮ್ಮ ಕೂತಿದ್ದರು. ತೊಡೆಯ ಮೇಲಿನ ತಟ್ಟೆಯನ್ನು ಇನ್ನೂ ಮುಟ್ಟಿರಲಿಲ್ಲ. ಪರದೆಯ ಅಂಚಿನಲ್ಲಿ ಹೊನ್ನಯ್ಯನವರ ಕೈ ಒಂದು ತುತ್ತು ಹಿಡಿದು ಮೇಲೆದ್ದಿತು. ಸುವರ್ಣಮ್ಮ ಅದನ್ನು ನೋಡಿ, ತಲೆ ಬಗ್ಗಿಸಿ, ತಮ್ಮ ಅನ್ನ ಕಲಸತೊಡಗಿದರು.