ಡೀಸೆಲ್ ಬೇಡದ ಎಂಜಿನ್

ಒಂದೇ ಒಂದು ಹನಿ ಡೀಸೆಲ್ ಇಲ್ಲದೆ ಇನಾಯತ ಮಿಸ್ತ್ರಿ ನೀರೆತ್ತುವ ಎಂಜಿನ್ ಓಡಿಸಿದ್ದ. ಅದು ಎಳೆದ ರಭಸಕ್ಕೆ ಭೀಮಾ ನದಿ ಒಂದು ಮೊಳ ಇಳಿದು, ಮೀನುಗಳು ದಂಡೆಯ ಮೇಲೆ ನಿಂತು ನೋಡಿದ್ದವು.

ಹೀಗಂತ ಹೇಳುತ್ತಿದ್ದವನು ಇನಾಯತನೇ. ಡಿಸೆಂಬರಿನ ಮುಂಜಾನೆ, ವಡಗೇರಾ ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಕಿವಿಗೆ ಮಫ್ಲರ್ ಬಿಗಿದುಕೊಂಡು ಹತ್ತು ಮಂದಿ ಬಾಯಿ ತೆರೆದು ಕೂತಿದ್ದರು. ಇನಾಯತನ ಲೆಕ್ಕದಲ್ಲಿ ನೂರು ಮಂದಿ.

"ಬುರುಡಿ ಬಿಡಬ್ಯಾಡೋ ಮಿಸ್ತ್ರಿ," ಅಂದ ಮಹಾದೇವಪ್ಪ. ಅವನ ಎಂಜಿನ್ ಚಳಿಗೆ ಎರಡು ದಿನದಿಂದ ಜಪ್ಪಯ್ಯ ಅಂದಿರಲಿಲ್ಲ. ಹೊಲದಲ್ಲಿ ಮೆಣಸಿನ ಗಿಡ ತಲೆ ಬಾಗಿಸಿದ್ದವು.

"ಬುರುಡಿ ಆಗಿದ್ರ ಈ ಚಹಾ ನನಗ ಹರಾಮ್! ಮುದನಾಳದ ಲಾಲಮ್ಮಕ್ಕನ ಎಂಜಿನ್‌ರಿ ಅದು. ಥಂಡಿಗೆ ಒಳಗಿನ ಎಣ್ಣಿ, ಅದ ಎಂಜಿನ್ ಆಯಿಲ್, ಬೆಲ್ಲದ ಪಾಕ ಆಗಿತ್ತು. ಹಳೇದು ಚೆಲ್ಲಿದೆ, ಹೊಸಾದು ಒಲಿ ಮ್ಯಾಲ ಬೆಚ್ಚಗ ಮಾಡಿ ಹೊಯ್ದೆ. ಅಳತಿ ಕಡ್ಡಿ ಗೆರಿ ದಾಟಿ ಎರಡು ಲೀಟರ್ ಜಾಸ್ತಿ!"

"ಜಾಸ್ತಿ ಯಾಕೋ?"

"ಚಳಿಗಾಲಕ್ಕ ನಾವು ಒಂದು ರೊಟ್ಟಿ ಜಾಸ್ತಿ ತಿನ್ನಂಗಿಲ್ಲೇನ್ರಿ? ಎಂಜಿನ್ನಿಗೂ ಹಂಗ. ಹ್ಯಾಂಡಲ್ ತಿರುವಿದ್ದ ತಡ, ಚಾಲೂ! ಸುರಪುರದ ಗುಡ್ಡದಾಗಿನ ಹುಲಿ ಓಡಿ ಹೋಗಬೇಕು, ಅಂಥಾ ಗರ್ಜನಿ. ನಾ ಡೀಸೆಲ್ ಪೈಪು ಕಿತ್ತು ಕೈಯಾಗ ಹಿಡ್ಕೊಂಡೆ. ನಿಂತಿತೇನು? ಇಲ್ಲ! ಇನ್ನಾ ಜೋರು!"

ಚಹಾ ಸೋಸುತ್ತಿದ್ದ ಅಸದನ ಕೈ ನಿಂತು, ಹಾಲು ಉಕ್ಕಿದ್ದು ಅವನಿಗೇ ತಿಳಿಯಲಿಲ್ಲ. ಪೈಪು ಕಿತ್ತ ಮೇಲೂ ಎಂಜಿನ್ ಓಡುವುದೆಂದರೇನು! ಮಹಾದೇವಪ್ಪನ ಮುಖ ಅರಳಿತು. ಅವನು ಮೆಲ್ಲಗೆ ಎದ್ದು ಮೊಬೈಲ್ ಹಿಡಿದು ಹೊರಗೆ ಹೋದ. ಇನಾಯತ ಇನ್ನೊಂದು ಚಹಾ ತರಿಸಿಕೊಂಡು ಮೀನುಗಳ ಸಂಖ್ಯೆಯನ್ನು ಸಾವಿರಕ್ಕೆ ಏರಿಸಿದ.

ಮತ್ತೆರಡು ಚಹಾ ಮುಗಿಯುವಷ್ಟರಲ್ಲಿ ಮಹಾದೇವಪ್ಪ ಸ್ಪೀಕರ್ ಹಚ್ಚಿಕೊಂಡು ಒಳಗೆ ಬಂದ. ಆ ಕಡೆ ಹೊಲದಲ್ಲಿ ಅವನ ಹೆಂಡತಿ ಯಶೋಧರಾ.

"ನೀವು ಅಂದಂಗ ಎಣ್ಣಿ ಬೆಚ್ಚಗ ಮಾಡಿ ಹೊಯ್ದೀನ್ರಿ. ಗೆರಿ ಮುಳುಗಿ ಹೋತು, ಡಬ್ಬಿ ಖಾಲಿ. ನಾನ ತಿರುವಲೇನು?"

"ತಿರುವು. ಚಾಲೂ ಆದ ಮ್ಯಾಲ ಪೈಪು ಕಿತ್ತಿಬಿಡು. ಮಿಸ್ತ್ರಿ ಎದುರಿಗೇ ಕೂತಾನ."

ಇನಾಯತನ ಕೈಯಿಂದ ಗ್ಲಾಸು ಜಾರಿ ಒಡೆಯಿತು. ಹತ್ತೂ ಮುಖಗಳು ಅವನತ್ತ ತಿರುಗಿದವು.

"ಯಾ ಅಲ್ಲಾ! ಅಕ್ಕಾ, ತಿರುವಬ್ಯಾಡ್ರಿ! ಹ್ಯಾಂಡಲ್ ಕೆಳಗಿಡ್ರಿ, ದೂರ ಸರೀರಿ!"

ಫೋನಿನಲ್ಲಿ ಠಣ್ಣೆಂದು ಕಬ್ಬಿಣ ಬಿದ್ದ ಸಪ್ಪಳ. ಆಮೇಲೆ ಏನೂ ಇಲ್ಲ. ಇನಾಯತನ ಎದೆ ನಿಂತೇ ಹೋಯಿತು. ಇದು ಮಾತ್ರ ಉತ್ಪ್ರೇಕ್ಷೆಯಲ್ಲ.

"ಇಟ್ಟೀನ್ರಿ," ಅಂತು ಹೆಣ್ಣು ದನಿ. "ಏನಾತು?"

"ಏನಾತೋ?" ಮಹಾದೇವಪ್ಪ ಅವನ ಅಂಗಿ ಹಿಡಿದ. "ಡೀಸೆಲ್ ಉಳಿಸತೀನಂದಿ, ಈಗ ಬ್ಯಾಡಂತಿ?"

"ಉಳಿಯಂಗಿಲ್ರಿ ಕಾಕಾ." ಇನಾಯತನ ದನಿ ಇಳಿಯಿತು. "ಎಣ್ಣಿ ಜಾಸ್ತಿ ಆದ್ರ ಎಂಜಿನ್ ಅದನ್ನ ಸುಟ್ಟಕೊಂಡು ಓಡತದ. ಹುಚ್ಚು ಹಿಡಿದಂಗ ಓಡತದ, ಯಾರ ಕೈಗೂ ಸಿಗಂಗಿಲ್ಲ. ಚಕ್ರ ಸಿಡಿದ್ರ ಎದುರು ನಿಂತವರು ಉಳಿಯಂಗಿಲ್ಲ. ಜಾಸ್ತಿ ಹೊಯ್ದದ್ದು ನನ್ನ ತಪ್ಪು. ಲಾಲಮ್ಮಕ್ಕನ ಎಂಜಿನ್ ಕೆಟ್ಟು, ಬಿಚ್ಚಿ ನನ್ನ ಅಂಗಡ್ಯಾಗ ಬಿದ್ದದ."

"ಮತ್ತ ಅವತ್ತು ಹೆಂಗ ನಿಲ್ಲಿಸಿದಿ?"

"ಲಾಲಮ್ಮಕ್ಕ ಹೊದ್ದ ಕೌದಿ ತಗದು, ಎಂಜಿನ್ ಗಾಳಿ ಎಳಕೊಳ್ಳೋ ಬಾಯಿಗಿ ತುರುಕಿದ್ಲು. ಉಸಿರು ಕಟ್ಟಿ ನಿಂತಿತು."

"ನೀ ಎಲ್ಲಿದ್ದಿ?"

ಇನಾಯತ ನೆಲದ ಮೇಲಿನ ಗಾಜಿನ ಚೂರು ನೋಡಿದ.

"ಬೇವಿನ ಗಿಡದ ಹಿಂದ ಇದ್ದೆನ್ರಿ. ಕಣ್ಣು ಮುಚ್ಚಿಕೊಂಡು."